ಪಟ್ಟಿಯ ಕೊನೆಯ ಹೆಸರು

ರೈಲು ಎಂಜಿನ್ನಿನ ಚಾಲಕನಾಗಿದ್ದು ನಿವೃತ್ತನಾದವನನ್ನು ಕಂಡರೆ ಜನ ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಎಷ್ಟು ವೇಗದಲ್ಲಿ ಓಡಿಸಿದ್ದೀರಿ ಎಂಬುದು ಮೊದಲನೆಯದು. ಎರಡನೆಯದನ್ನು ಧ್ವನಿ ತಗ್ಗಿಸಿ ಕೇಳುತ್ತಾರೆ. ಅದು ಹಳಿಗೆ ಅಡ್ಡ ಬಂದವರನ್ನು ಕುರಿತದ್ದು. ಮೊದಲನೆಯದಕ್ಕೆ ಉತ್ತರ ಹೇಳಿ, ಎರಡನೆಯದಕ್ಕೆ ಸುಮ್ಮನಾಗುವುದು ನನ್ನ ರೂಢಿ. ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ಹೊರಗಿನವರು ಕೇಳುವುದಿಲ್ಲ, ನಾವು ನಾವೇ ಕೇಳಿಕೊಳ್ಳುತ್ತೇವೆ: "ಪಟ್ಟಿಯಲ್ಲಿ ಎಷ್ಟನೆಯವನು?"

ಆ ಪಟ್ಟಿಯ ಹೆಸರು ಜ್ಯೇಷ್ಠತಾ ಪಟ್ಟಿ. ಅದು ಚಾಲಕರು ಕೆಲಸಕ್ಕೆ ಹಾಜರಾಗುವ ಡಿಪೋದ ಗೋಡೆಯ ಮೇಲೆ ತೂಗುತ್ತಿರುತ್ತದೆ. ಯಾರು ಯಾವಾಗ ಬಡ್ತಿ ಪಡೆಯಬೇಕು, ಯಾರು ಸರಕು ಗಾಡಿಯಲ್ಲೇ ಇನ್ನು ಹತ್ತು ವರ್ಷ ಇರಬೇಕು, ಯಾರು ಪ್ಯಾಸೆಂಜರ್ ಗಾಡಿಗೆ ಹೋಗಬೇಕು ಎಂಬುದೆಲ್ಲ ಆ ಕಾಗದದಲ್ಲಿ ಅಡಗಿದೆ. ಮನುಷ್ಯನ ಹಣೆಬರಹ ಕಣ್ಣಿಗೆ ಕಾಣುವುದಿಲ್ಲವೆನ್ನುತ್ತಾರೆ. ನಮ್ಮದನ್ನು ಮಾತ್ರ ಬೆರಳಚ್ಚು ಮಾಡಿಸಿ ಮೊಳೆ ಹೊಡೆದು ತೂಗುಹಾಕಿರುತ್ತಾರೆ. ಈ ಹೊತ್ತು ಆ ಪಟ್ಟಿಯ ವಿಚಾರವಾಗಿ, ಮತ್ತು ಒಂದು ಡಿಪೋದಿಂದ ಇನ್ನೊಂದಕ್ಕೆ ಬರುವವನು ಏನನ್ನು ಕೊಟ್ಟು ಏನನ್ನು ಪಡೆಯುತ್ತಾನೆ ಎಂಬ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ.

ನಾನು ಹುಬ್ಬಳ್ಳಿಯವನು. ನಮ್ಮ ತಂದೆ ಅಲ್ಲಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಾರ್ಖಾನೆಯ ಭೋಂಗಾ ಕೂಗಿದರೆ ನಮ್ಮ ಮನೆಯಲ್ಲಿ ಒಲೆ ಹೊತ್ತುತ್ತಿತ್ತು. ಐ.ಟಿ.ಐ. ಮುಗಿಸಿದ ನಾನು 1984ರಲ್ಲಿ ಸಹಾಯಕ ಚಾಲಕನ ಹುದ್ದೆಗೆ ಅರ್ಜಿ ಹಾಕಿದೆ. ಈಗ ರೈಲ್ವೆ ರಿಕ್ರೂಟ್‌ಮೆಂಟ್ ಬೋರ್ಡ್ ಎನ್ನುವ ಸಂಸ್ಥೆಗೆ ಆಗ ಸರ್ವಿಸ್ ಕಮಿಷನ್ ಎಂಬ ಹೆಸರಿತ್ತು. 1985ರಲ್ಲಿ ಹೆಸರು ಬದಲಾಯಿತು. ಬರವಣಿಗೆಯ ಪರೀಕ್ಷೆಗಿಂತಲೂ ನಾವು ಹೆದರುತ್ತಿದ್ದುದು ಕಣ್ಣಿನ ಪರೀಕ್ಷೆಗೆ. ಕತ್ತಲೆ ಕೋಣೆಯಲ್ಲಿ ಕೂರಿಸಿ, ದೂರದಲ್ಲಿ ಸಾಸಿವೆ ಕಾಳಿನಷ್ಟು ಬೆಳಕು ತೋರಿಸಿ, ಕೆಂಪೋ ಹಸಿರೋ ಹೇಳೆನ್ನುವರು. ಚಾಲಕನಾಗುವವನ ಕಣ್ಣು ಕನ್ನಡಕವಿಲ್ಲದೆ ಪೂರ್ಣ ಸ್ವಚ್ಛವಾಗಿರಬೇಕು. ಆ ನಿಯಮ ಇಂದಿಗೂ ಸಡಿಲವಾಗಿಲ್ಲ. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗ, ಓದಿನಲ್ಲಿ ನನಗಿಂತ ಎಷ್ಟೋ ಮುಂದಿದ್ದವನು, ಆ ಕೋಣೆಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟ. ಹಸಿರು ಬಣ್ಣ ತನಗೆ ಎಲ್ಲರಂತೆ ಕಾಣುವುದಿಲ್ಲವೆಂದು ಅವನಿಗೆ ಅಂದೇ ತಿಳಿದದ್ದು.

ಇಂದಿನ ಹುಡುಗರ ಹಾದಿ ಇನ್ನೂ ಉದ್ದ. ಗಣಕಯಂತ್ರದ ಮುಂದೆ ಎರಡು ಹಂತದ ಪರೀಕ್ಷೆ, ಆಮೇಲೆ ಮನಸ್ಸಿನ ಚುರುಕನ್ನೂ ಎಚ್ಚರವನ್ನೂ ಅಳೆಯುವ ಇನ್ನೊಂದು ಪರೀಕ್ಷೆ, ಕಡೆಗೆ ಅದೇ ವೈದ್ಯರ ಕತ್ತಲೆ ಕೋಣೆ. 2018ರಲ್ಲಿ ಸಹಾಯಕ ಚಾಲಕರು ಮತ್ತು ತಂತ್ರಜ್ಞರ ಹುದ್ದೆಗಳಿಗೆ ಒಟ್ಟಾಗಿ ಪ್ರಕಟಣೆ ಹೊರಟಾಗ ಮೊದಲು ತಿಳಿಸಿದ್ದ ಸಂಖ್ಯೆ 26,502. ಅದು ಬಳಿಕ 64,371ಕ್ಕೆ ಏರಿತು. 2024ರ ಪ್ರಕಟಣೆಯಲ್ಲಿ ಸಹಾಯಕ ಚಾಲಕರ 5,696 ಹುದ್ದೆಗಳೆಂದಿದ್ದದ್ದು 18,799 ಆಯಿತು. ಈ ಅಂಕಿಗಳನ್ನು ಹೇಳಿದ್ದು ಬೆರಗುಗೊಳಿಸಲೆಂದಲ್ಲ. ಎಷ್ಟೋ ವರ್ಷ ತುಂಬದೆ ಉಳಿದ ಜಾಗಗಳು ಒಮ್ಮೆಗೇ ತುಂಬುವಾಗ, ಎಲ್ಲಿ ಖಾಲಿ ಇದೆಯೋ ಅಲ್ಲಿಗೆ ಮನುಷ್ಯನನ್ನು ಕಳುಹಿಸುತ್ತಾರೆ; ಎಲ್ಲಿಯವನೆಂದು ನೋಡಿ ಕಳುಹಿಸುವುದು ಸಾಧ್ಯವಾಗುವುದಿಲ್ಲ. ಎಲ್ಲ ವರ್ಗಾವಣೆಯ ಕಥೆಗಳೂ ಆರಂಭವಾಗುವುದು ಇಲ್ಲಿಂದ.

ನನ್ನ ಕಥೆಯೂ ಹಾಗೆಯೇ. 1966ರ ಅಕ್ಟೋಬರಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತ್ತು. ಬೆಂಗಳೂರು, ಮೈಸೂರುಗಳ ದಾರಿ ಮದರಾಸಿಗೆ, ನಮ್ಮದು ಸಿಕಂದರಾಬಾದಿಗೆ. ನನಗೆ ಸಿಕ್ಕಿದ್ದು ಆಗಿನ ಆಂಧ್ರಪ್ರದೇಶದ ಒಂದು ದೊಡ್ಡ ಜಂಕ್ಷನ್. ಊರಿನ ಹೆಸರು ಬೇಡ; ಅಲ್ಲಿಯ ಜನ ನನ್ನನ್ನು ಮಗನಂತೆ ನೋಡಿಕೊಂಡರು, ಮುಂದೆ ಹೇಳಲಿರುವ ದೂರು ಅವರ ಮೇಲೆ ಬರಬಾರದು. "ಒಂದೇ ರೈಲ್ವೆ ಅಲ್ಲೇನೋ, ಎರಡು ವರ್ಷದಾಗ ಹೊಳ್ಳಿ ಬರ್ತಿ ಬಿಡು" ಎಂದು ನಮ್ಮ ತಂದೆ ಬುತ್ತಿ ಕಟ್ಟಿಸಿ ಕಳುಹಿಸಿದರು. ಕಾರ್ಖಾನೆಯ ಮನುಷ್ಯನಾದ ಅವರಿಗೆ ಓಡುವ ಗಾಡಿಯವರ ಲೆಕ್ಕ ಗೊತ್ತಿರಲಿಲ್ಲ.

ಅಲ್ಲಿ ನಾನು ಮೊದಲು ಕಲಿತದ್ದು ಎಂಜಿನ್ನು. ಯಾವ ಕೊಳವೆಯಲ್ಲಿ ಗಾಳಿ, ಯಾವುದರಲ್ಲಿ ಎಣ್ಣೆ, ಯಾವ ಶಬ್ದ ಆರೋಗ್ಯದ್ದು, ಯಾವುದು ರೋಗದ್ದು ಎಂಬ ವಿದ್ಯೆ ಅದು. ಆಮೇಲೆ ನಿಯಮಗಳ ಪುಸ್ತಕ. ಅದಾದ ಮೇಲೆ ಸಿಗ್ನಲ್ ಕೂಗುವುದು. ಸಿಗ್ನಲ್ ಕಂಡ ಕೂಡಲೇ ಸಹಾಯಕ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಚಾಲಕ ಅದನ್ನೇ ಮರಳಿ ಹೇಳಬೇಕು. ಇಬ್ಬರ ಕಣ್ಣೂ ಕಂಡದ್ದು ಒಂದೇ ಎಂದು ಇಬ್ಬರ ಬಾಯೂ ಸಾಕ್ಷಿ ನುಡಿಯಬೇಕು. ನಡುರಾತ್ರಿ ಬಯಲಿನಲ್ಲಿ ಇಬ್ಬರು ಗಂಡಸರು "ಹಸಿರು", "ಹಸಿರು" ಎಂದು ಕೂಗಿಕೊಳ್ಳುವುದನ್ನು ಹೊರಗಿನವರು ಕೇಳಿದರೆ ನಕ್ಕಾರು. ಆ ಕೂಗಿನ ನೆರಳಿನಲ್ಲಿ ಹಿಂದಿನ ಡಬ್ಬಿಗಳಲ್ಲಿ ಸಾವಿರ ಜನ ಮಲಗಿರುತ್ತಾರೆ.

ಎಲ್ಲಕ್ಕಿಂತ ಕಡೆಯಲ್ಲಿ ಕಲಿತದ್ದು ದಾರಿ. ಎಂಜಿನ್ ನಡೆಸಲು ಬಂದ ಮಾತ್ರಕ್ಕೆ ಯಾವ ದಾರಿಯಲ್ಲಾದರೂ ಗಾಡಿ ಓಡಿಸಬಹುದೆಂದು ಬಹುಮಂದಿ ತಿಳಿದಿದ್ದಾರೆ. ಹಾಗಿಲ್ಲ. ಒಂದು ದಾರಿಯ ಏರಿಳಿತ, ತಿರುವು, ಸಿಗ್ನಲುಗಳ ಜಾಗ, ಗೇಟುಗಳು ಇವೆಲ್ಲ ಬಾಯಿಪಾಠವಾಗದೆ ಆ ದಾರಿಯಲ್ಲಿ ಒಬ್ಬನೇ ಗಾಡಿ ನಡೆಸುವಂತಿಲ್ಲ. ಅದಕ್ಕಾಗಿ ಬಲ್ಲವರ ಜೊತೆ ಹಗಲೂ ರಾತ್ರಿಯೂ ಪ್ರಯಾಣ ಮಾಡಿ, ದಾರಿ ಕಲಿತಿದ್ದೇನೆಂದು ಸಹಿ ಹಾಕಿಕೊಡಬೇಕು. ಮೂರು ತಿಂಗಳಿಗೂ ಹೆಚ್ಚು ಕಾಲ ಆ ದಾರಿಯಲ್ಲಿ ಓಡದೆ ಉಳಿದರೆ ಮತ್ತೆ ಕಲಿಯಬೇಕು. ದಾರಿಯನ್ನು ಮರೆಯುವುದಕ್ಕೂ ಒಂದು ಅವಧಿಯನ್ನು ನಿಗದಿ ಮಾಡಿರುವ ಉದ್ಯೋಗ ನಮ್ಮದೊಂದೇ ಇರಬೇಕು. ನನಗೆ ದಾರಿ ಕಲಿಸಿದ ತೆಲುಗು ಚಾಲಕರು ಒಮ್ಮೆ ರಾತ್ರಿ ಕ್ಯಾಬಿನ ದೀಪ ಆರಿಸಿ, "ಈಗ ಕಿವಿಯಿಂದ ನೋಡು" ಎಂದರು. ಕಲ್ಲಿನ ಸೇತುವೆ ಒಂದು ಬಗೆ ಗುಡುಗುತ್ತದೆ, ಉಕ್ಕಿನದು ಇನ್ನೊಂದು ಬಗೆ. ಕಣಿವೆಯಂತೆ ಕೊರೆದ ದಾರಿಯಲ್ಲಿ ಸದ್ದು ಮುಖಕ್ಕೆ ಬಡಿಯುತ್ತದೆ. ಬಯಲು ಬಂದೊಡನೆ ಬಿಟ್ಟುಹೋಗುತ್ತದೆ. ಮಂಜು ಬಿದ್ದ ರಾತ್ರಿ ಊರು ಯಾವುದೆಂದು ಹೇಳುವುದು ಈ ಸದ್ದುಗಳೇ. ಎರಡು ವರ್ಷದಲ್ಲಿ ಆ ಸೀಮೆ ನನ್ನ ಕಿವಿಯಲ್ಲಿ ಕೂತಿತು.

ಊರಿಗೆ ಮರಳುವ ಆಸೆ ಮಾತ್ರ ಕೂರಲಿಲ್ಲ. 1988ರಲ್ಲಿ ಹುಬ್ಬಳ್ಳಿಗೆ ವರ್ಗ ಬೇಡಿ ಅರ್ಜಿ ಕೊಟ್ಟೆ. ಇಲ್ಲಿ ನಿಯಮವನ್ನು ತುಸು ವಿವರಿಸಬೇಕು. ಪ್ರತಿಯೊಂದು ವಿಭಾಗಕ್ಕೂ ತನ್ನದೇ ಪಟ್ಟಿ. ಸರಕಾರ ತನ್ನ ಅಗತ್ಯಕ್ಕಾಗಿ ವರ್ಗ ಮಾಡಿದರೆ ಹಿರಿತನ ಉಳಿಯುತ್ತದೆ. ತಾನೇ ಬೇಡಿ ಹೋದವನ ಹೆಸರು ಹೊಸ ವಿಭಾಗದ ಪಟ್ಟಿಯಲ್ಲಿ, ಆ ದರ್ಜೆಯ ಎಲ್ಲರಿಗಿಂತ ಕೆಳಗೆ ಬರುತ್ತದೆ. ಅದೂ ಅಲ್ಲದೆ ನೇರ ನೇಮಕಾತಿ ನಡೆಯುವುದು ಸಹಾಯಕನ ದರ್ಜೆಯಲ್ಲಿ ಮಾತ್ರವಾದ್ದರಿಂದ, ಬಡ್ತಿ ಪಡೆದು ಚಾಲಕನಾದವನು ಹೋಗಬೇಕಾದರೆ ಮತ್ತೆ ಸಹಾಯಕನಾಗಿ ಇಳಿದು ಹೋಗಬೇಕು. ಇನ್ನೊಂದು ಬಾಗಿಲೂ ಉಂಟು. ಅಲ್ಲಿಂದ ಇಲ್ಲಿಗೆ ಬರಬೇಕೆನ್ನುವವನು, ಇಲ್ಲಿಂದ ಅಲ್ಲಿಗೆ ಹೋಗಬೇಕೆನ್ನುವವನು ಒಂದೇ ದರ್ಜೆಯವರಾಗಿದ್ದು ಪರಸ್ಪರ ಒಪ್ಪಿದರೆ ಅದಲುಬದಲಾಗಬಹುದು. ಆಗಲೂ ಇಬ್ಬರ ಹಿರಿತನದಲ್ಲಿ ಯಾವುದು ಕಡಿಮೆಯೋ ಅದೇ ದಕ್ಕುವುದು.

ಈ ನಿಯಮ ಕ್ರೂರವೆಂದು ಬಹುಕಾಲ ಬೈದುಕೊಂಡಿದ್ದೇನೆ. ಇಂದು ಹಾಗೆನ್ನಲಾರೆ. ಹುಬ್ಬಳ್ಳಿಯಲ್ಲಿ ಹತ್ತು ವರ್ಷದಿಂದ ಬಡ್ತಿಗೆ ಕಾದು ಕುಳಿತವನ ತಲೆಯ ಮೇಲೆ, ಮನೆಯ ನೆನಪಾಯಿತೆಂದು ಬಂದವನೊಬ್ಬನನ್ನು ಕೂರಿಸುವುದು ಯಾವ ನ್ಯಾಯ? ಕಾದವನಿಗೂ ಮನೆ ಇದೆ, ಮಕ್ಕಳಿದ್ದಾರೆ. ನಿಯಮದಲ್ಲಿ ತಪ್ಪಿಲ್ಲ. ತಪ್ಪಿರುವುದು ನಿಯಮ ನಡೆಯುವ ವೇಗದಲ್ಲಿ. ನನ್ನ ಮೊದಲನೆಯ ಅರ್ಜಿಗೆ ಒಪ್ಪಿಗೆ ಬಂದಾಗ ನಾನು ಇನ್ನೂ ಸಹಾಯಕನೇ, ಕಳೆದುಕೊಳ್ಳುವುದು ಹೆಚ್ಚಿರಲಿಲ್ಲ. ಆದರೆ ಆದೇಶ ಬಂದರೆ ಸಾಲದು, ಬಿಡುಗಡೆಯಾಗಬೇಕು. ನಾನಿದ್ದ ಡಿಪೋದಲ್ಲಿ ಜನ ಕಡಿಮೆ, ಬದಲಿಗೆ ಬರಬೇಕಾದವನು ಬರಲಿಲ್ಲ. ಬಿಡುಗಡೆಯ ಕಾಗದ ಕೇಳಲು ಹೋದಾಗಲೆಲ್ಲ ಅಲ್ಲಿಯ ಗುಮಾಸ್ತರು ನನಗೆ ಚಹಾ ಕೊಟ್ಟರು, ಕಾಗದ ಕೊಡಲಿಲ್ಲ. ಹದಿನಾಲ್ಕು ತಿಂಗಳು ಚಹಾ ಕುಡಿದ ಮೇಲೆ ಆ ಆದೇಶವೇ ಹಳೆಯದಾಯಿತು. ಮದುವೆಯಾಯಿತು, ಮಗಳು ಹುಟ್ಟಿದಳು, ಅವಳಿಗೆ ಮೊದಲ ಮಾತು ತೆಲುಗಿನಲ್ಲಿ ಬಂದಿತು. 1994ರಲ್ಲಿ ನಾನು ಸರಕು ಗಾಡಿಯ ಚಾಲಕನಾದೆ.

ಎರಡನೆಯ ಅರ್ಜಿಗೆ ಉತ್ತರ ಬಂದದ್ದು 1998ರಲ್ಲಿ. ಈಗ ಲೆಕ್ಕ ಬೇರೆಯಾಗಿತ್ತು. ನಾಲ್ಕು ವರ್ಷ ಚಾಲಕನ ಆಸನದಲ್ಲಿ ಕೂತವನು ಮತ್ತೆ ಸಹಾಯಕನ ಆಸನಕ್ಕೆ ಇಳಿಯಬೇಕು. ಓಡಿದ ಕಿಲೋಮೀಟರಿನ ಮೇಲೆ ದೊರೆಯುವ ಭತ್ಯೆಯೂ ಇಳಿಯುತ್ತದೆ. ಎಲ್ಲರಿಗಿಂತ ಕೆಳಗಿನ ಸ್ಥಾನಕ್ಕೆ ಒಪ್ಪಿದ್ದೇನೆ, ಮುಂದೆ ತಕರಾರು ಮಾಡುವುದಿಲ್ಲ ಎಂದು ಸ್ವಹಸ್ತದಿಂದ ಬರೆದುಕೊಡಬೇಕು. ನನ್ನ ಜೊತೆಗೇ ನೇಮಕವಾಗಿದ್ದ ಧಾರವಾಡದ ಗೆಳೆಯನೊಬ್ಬನಿಗೂ ಅದೇ ಕಾಗದ ಬಂದಿತ್ತು. ಅವನು ಸಹಿ ಹಾಕಲಿಲ್ಲ. "ಹದಿನಾಲ್ಕು ವರ್ಷದ ಹಿರಿತನಾ ಹೊಳಿಗೆ ಒಗೀಲೇನು?" ಎಂದ. ಅವನ ಮಾತಿಗೆ ಉತ್ತರ ನನ್ನಲ್ಲಿರಲಿಲ್ಲ. ಆ ವೇಳೆಗೆ ತಂದೆ ತೀರಿಕೊಂಡಿದ್ದರು. ಅವರ ಕಡೆಯ ಕಾಯಿಲೆಯ ಸುದ್ದಿ ತಲುಪಿದಾಗ ನಾನು ಹೊರಊರಿನ ರನ್ನಿಂಗ್ ರೂಮಿನಲ್ಲಿ ಎಂಟು ಗಂಟೆಯ ವಿಶ್ರಾಂತಿಯಲ್ಲಿದ್ದೆ. ಗಾಡಿಯನ್ನು ಡಿಪೋಗೆ ಮರಳಿಸಿ, ಅಲ್ಲಿಂದ ಊರಿಗೆ ಹೊರಟು, ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಾಯಿ ಒಬ್ಬರೇ ಇದ್ದರು. ನಾನು ಸಹಿ ಹಾಕಿದೆ. ಅದನ್ನು ತ್ಯಾಗವೆಂದು ಹೇಳಿಕೊಳ್ಳುವುದು ಸುಳ್ಳಾದೀತು. ಸಹಿ ಹಾಕುವಾಗ ಕೈ ಬಲು ನಿಧಾನವಾಗಿ ಹೋಯಿತು.

ಹುಬ್ಬಳ್ಳಿಯ ಡಿಪೋದ ಗೋಡೆಯ ಮೇಲೆ ನನ್ನ ಹೆಸರು ಕಟ್ಟಕಡೆಯದಾಗಿತ್ತು. ಅದನ್ನು ಬೆರಳಚ್ಚಿನಲ್ಲಿ ಅಲ್ಲ, ಶಾಯಿಯಲ್ಲಿ ಬರೆದು ಸೇರಿಸಿದ್ದರು. ನಾನು ಯಾರ ಕೈಕೆಳಗೆ ಸಹಾಯಕನಾದೆನೋ ಆ ಚಾಲಕ ನನಗಿಂತ ಆರು ವರ್ಷ ಕಿರಿಯ. ಮೊದಲ ದಿನ ಅವನು ಸಂಕೋಚದಿಂದ, "ಅಣ್ಣಾ, ಎಂಜಿನ್ನದ ಮ್ಯಾಲೆ ನಿಮ್ಮನ್ನ ಅಣ್ಣ ಅನ್ನಾಕ ಆಗಂಗಿಲ್ಲ, ತಪ್ಪು ತಿಳೀಬ್ಯಾಡ್ರಿ" ಎಂದ. ಎಷ್ಟು ಸರಿಯಾದ ಮಾತು! ಆ ಕ್ಯಾಬಿನಲ್ಲಿ ಅಣ್ಣತಮ್ಮಂದಿರಿಗೆ ಜಾಗವಿಲ್ಲ. ಆಸನಗಳ ನಡುವೆ ಇರುವ ಅಂತರ ಮೂರು ನಾಲ್ಕು ಅಡಿ. ಅದನ್ನು ಹಿಂದಕ್ಕೆ ದಾಟಲು ನನ್ನ ಕೈಗಳಿಗೆ ಒಂದು ವರ್ಷ ಹಿಡಿಯಿತು. ಗಾಡಿ ಇಳಿಜಾರಿಗೆ ಬಂದಾಗ ಬ್ರೇಕಿನ ಹಿಡಿಯಿಲ್ಲದ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತಿತ್ತು.

ಅವನೇ ನನಗೆ ಘಟ್ಟ ಕಲಿಸಿದ. ಕ್ಯಾಸಲ್‌ರಾಕ್‌ನಿಂದ ಗೋವೆಯ ಕುಳೆಯವರೆಗಿನ ದಾರಿಯಲ್ಲಿ 37 ಅಡಿ ಮುಂದೆ ಹೋದರೆ 1 ಅಡಿ ಕೆಳಗೆ ಇಳಿದಿರುತ್ತೇವೆ. ನಡೆಯುವವನಿಗೆ ಇದು ಇಳಿಜಾರೇ ಅಲ್ಲ; ಸಾವಿರಾರು ಟನ್ನಿನ ಗಾಡಿಗೆ ಇದು ಪಾತಾಳ. ಇಳಿಯುವ ಮೊದಲು ನಿಂತು ಬ್ರೇಕಿನ ಶಕ್ತಿ ಪರೀಕ್ಷಿಸಬೇಕು. ನಡುನಡುವೆ, ಹತೋಟಿ ತಪ್ಪಿದ ಗಾಡಿಯನ್ನು ಏರಿನತ್ತ ತಿರುಗಿಸಿ ನಿಲ್ಲಿಸುವ ಕವಲುಹಳಿಗಳಿವೆ; ಪ್ರತಿಯೊಂದರ ಮುಂದೆಯೂ ನಿಂತು, ಗಾಡಿ ನನ್ನ ಮಾತು ಕೇಳುತ್ತಿದೆ ಎಂದು ತೋರಿಸಿದ ಮೇಲೆಯೇ ಮುಂದಿನ ದಾರಿ ತೆರೆಯುತ್ತದೆ. ಮುರಗಾವಿಯಿಂದ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಹೊತ್ತು ಮೇಲೇರುವ ಗಾಡಿಗೆ ಮುಂದೆ ಎಳೆಯಲೂ ಹಿಂದೆ ನೂಕಲೂ ಎಂಜಿನ್‌ಗಳು ಬೇಕು. ಮುಂದಿನವನೂ ಹಿಂದಿನವನೂ ಒಬ್ಬರನ್ನೊಬ್ಬರು ನೋಡದೆ ಒಂದೇ ಮನಸ್ಸಿನಿಂದ ನಡೆಯಬೇಕು. ದೂಧಸಾಗರದ ಹತ್ತಿರ ಪ್ರಯಾಣಿಕರೆಲ್ಲ ಕಿಟಕಿಗೆ ಮುಗಿಬಿದ್ದು ಕೇಕೆ ಹಾಕುತ್ತಾರೆ. ಆ ಜಲಪಾತವನ್ನು ನಾನು ಕಣ್ತುಂಬ ನೋಡಿದ್ದು ನಿವೃತ್ತನಾದ ಮೇಲೆ, ಟಿಕೆಟು ಕೊಂಡು ಹೋಗಿ.

2003ರ ಏಪ್ರಿಲಿನಲ್ಲಿ ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿ ನೈಋತ್ಯ ರೈಲ್ವೆ ಹುಟ್ಟಿತು. ನಾನಿದ್ದ ಹಳೆಯ ಊರು ಬೇರೆ ರೈಲ್ವೆಯಾಯಿತು. ಮೇಲಿನವರು ನಿವೃತ್ತರಾದಂತೆ ನನ್ನ ಹೆಸರು ಒಂದೊಂದೇ ಸಾಲು ಮೇಲೇರಿತು, ಮತ್ತೆ ಚಾಲಕನಾದೆ. 2022ರಲ್ಲಿ ನಿವೃತ್ತನಾದಾಗ ಪ್ಯಾಸೆಂಜರ್ ಗಾಡಿಯವರೆಗೆ ಬಂದಿದ್ದೆ. ಸಹಿ ಹಾಕದ ಗೆಳೆಯ ಎಕ್ಸ್‌ಪ್ರೆಸ್ ಗಾಡಿಗಳ ಚಾಲಕನಾಗಿ ನಿವೃತ್ತನಾದ. ಅವನ ಪಿಂಚಣಿ ನನ್ನದಕ್ಕಿಂತ ಹೆಚ್ಚು. ನನ್ನ ತಾಯಿ ಹನ್ನೊಂದು ವರ್ಷ ನನ್ನ ಕಣ್ಣ ಮುಂದೆ ಇದ್ದರು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆಂದು ನಮ್ಮಿಬ್ಬರಿಗೂ ತಿಳಿಯದು. ಫೋನಿನಲ್ಲಿ ಮಾತಾಡಿದಾಗ ಅವನು ತನ್ನ ಊರಿನ ಮಳೆಯನ್ನು ಕೇಳುತ್ತಾನೆ, ನಾನು ಅವನು ಓಡಿಸಿದ ಗಾಡಿಗಳನ್ನು ಕೇಳುತ್ತೇನೆ.

ಸೇವೆಯ ಕಡೆಯ ವರ್ಷಗಳಲ್ಲಿ ನನ್ನ ಪಾಲಿಗೆ ಬಂದ ಸಹಾಯಕರಲ್ಲಿ 2018ರ ಪ್ರಕಟಣೆಯಿಂದ ಆಯ್ಕೆಯಾದ ಹುಡುಗರಿದ್ದರು. ಬಿಹಾರದ ಒಬ್ಬನಿದ್ದ. ಕೆಲಸಕ್ಕೆ ಬಂದ ದಿನದಿಂದಲೇ ವರ್ಗಾವಣೆಯ ಧ್ಯಾನ. ರೊಟ್ಟಿಯ ರುಚಿ ಹಿಡಿಯದು, ಗೇಟಿನವರ ಮಾತು ತಿಳಿಯದು. "ಇವರು ನಮ್ಮ ಹುಡುಗರ ಜಾಗಕ್ಕೆ ಬಂದವರು" ಎಂದು ಗೊಣಗುವವರೂ ಡಿಪೋದಲ್ಲಿದ್ದರು. ನನಗೆ ಗೊಣಗಲು ಬಾಯಿ ಬರಲಿಲ್ಲ. ತೆಲುಗರ ನಾಡಿನಲ್ಲಿ ಹದಿನಾಲ್ಕು ವರ್ಷ ನಾನು ಅವನೇ ಆಗಿದ್ದೆ. ಒಂದು ರಾತ್ರಿ ಘಟ್ಟ ಇಳಿಯುವಾಗ ಅವನು, "ನಾನು ಹೇಗೂ ಹೋಗುವವನು, ನಮ್ಮ ಕಡೆ ಬೆಟ್ಟವೇ ಇಲ್ಲ, ಇದನ್ನು ಕಲಿತು ಏನು ಮಾಡಲಿ?" ಎಂದ. ನಾನು ಆ ಕ್ಷಣಕ್ಕೆ ಉತ್ತರ ಹೇಳಲಿಲ್ಲ. ಕುಳೆಯಲ್ಲಿ ಗಾಡಿ ನಿಂತ ಮೇಲೆ ಹೇಳಿದೆ: "ಇವತ್ತು ರಾತ್ರಿ ಹಿಂದೆ ಕುಳಿತಿದ್ದ ಗಾರ್ಡಿಗೆ ನೀನು ಹೋಗುವವನೆಂದು ಗೊತ್ತಿಲ್ಲಪ್ಪ." ಹುಡುಗ ಜಾಣ. ಆಮೇಲೆ ಆ ಪ್ರಶ್ನೆ ಬರಲಿಲ್ಲ. ದೀಪ ಆರಿಸಿ ಕಿವಿಯಿಂದ ನೋಡುವುದನ್ನು ನಾನು ಕಲಿಸಿದೆ. ನನಗೆ ಕಲಿಸಿದ್ದ ತೆಲುಗು ಹಿರಿಯರು ಆಗಲೇ ಇರಲಿಲ್ಲ.

ಅವನ ಅದೃಷ್ಟ ನನ್ನದಕ್ಕಿಂತ ಚೆನ್ನಾಗಿತ್ತು. ಈಗಿನ ಹುಡುಗರು ಫೋನಿನಲ್ಲೇ ಗುಂಪು ಕಟ್ಟಿಕೊಂಡು ಅದಲುಬದಲಿಗೆ ಜೊತೆಗಾರರನ್ನು ಹುಡುಕುತ್ತಾರೆ. ಹಿಂದೆ ನಾವು ರನ್ನಿಂಗ್ ರೂಮಿನ ಗೋಡೆಗೆ ಚೀಟಿ ಅಂಟಿಸಿ ಬರುತ್ತಿದ್ದೆವು. ಪೂರ್ವದ ಒಂದು ಡಿಪೋದಲ್ಲಿ ಸಿಕ್ಕಿಕೊಂಡಿದ್ದ ಗದಗಿನ ಹುಡುಗನೊಬ್ಬ ಇವನಿಗೆ ಸಿಕ್ಕಿದ. ಒಂದು ಕಾಗದದಿಂದ ಎರಡು ಮನೆಗಳಿಗೆ ಮಕ್ಕಳು ಮರಳಿದರು. ಹೋಗುವ ಮುನ್ನ ಮನೆಗೆ ಬಂದು ನನ್ನ ಹೆಂಡತಿಯ ಕೈಯ ಜೋಳದ ರೊಟ್ಟಿಯನ್ನು ಎರಡು ಸಾರಿ ಬಡಿಸಿಕೊಂಡು ತಿಂದ.

ಈ ಅನುಭವದಿಂದ ಎರಡು ಮಾತು ಹೇಳುವ ಅಧಿಕಾರ ನನಗಿದೆಯೆಂದು ಭಾವಿಸುತ್ತೇನೆ. ಅರ್ಜಿ ಹಾಕುವ ತರುಣರು, ಕೆಲಸ ಸಿಕ್ಕರೆ ಸಾಕು, ಊರಿಗೆ ಆಮೇಲೆ ಬಂದರಾಯಿತು ಎಂದುಕೊಳ್ಳುತ್ತಾರೆ. ಬರಬಹುದು, ಆದರೆ ಪ್ರತಿ ವರ್ಷ ತಡವಾದಂತೆಲ್ಲ ಬರುವ ಬೆಲೆ ಏರುತ್ತದೆಂಬುದನ್ನು ತಿಳಿದು ವಲಯವನ್ನು ಆರಿಸಿಕೊಳ್ಳಲಿ. ಆಡಳಿತ ನಡೆಸುವವರಿಗೆ ಹೇಳಬೇಕಾದದ್ದು ಇನ್ನೊಂದು. ವರ್ಗಾವಣೆಯ ಆದೇಶ ಕೊಟ್ಟು ಬಿಡುಗಡೆ ಕೊಡದಿರುವುದು, ಹಸಿರು ಸಿಗ್ನಲ್ ತೋರಿಸಿ ಗೇಟು ಮುಚ್ಚಿದಂತೆ. ಖಾಲಿ ಜಾಗಗಳನ್ನು ಹೊತ್ತಿಗೆ ಸರಿಯಾಗಿ ತುಂಬಿದರೆ ಈ ದುಃಖದ ಮುಕ್ಕಾಲು ಪಾಲು ತಾನಾಗಿ ಕರಗುತ್ತದೆ. 2024ರಿಂದೀಚೆಗೆ ವರ್ಷ ವರ್ಷವೂ ನೇಮಕಾತಿಯ ವೇಳಾಪಟ್ಟಿ ಹೊರಡುತ್ತಿರುವುದು ಒಳ್ಳೆಯ ಲಕ್ಷಣ.

ಕೆಲವು ತಿಂಗಳ ಹಿಂದೆ ಆ ಬಿಹಾರದ ಹುಡುಗ ಫೋನು ಮಾಡಿದ್ದ. ಅಲ್ಲಿ ಅವನು ಪಟ್ಟಿಯ ಕೊನೆಯವನಂತೆ. ಬೇಸರವೇನಪ್ಪ ಎಂದೆ. "ಅದಿರಲಿ ಸರ್, ಇಲ್ಲಿ ದಾರಿ ಬರೀ ಸಪಾಟು, ನೆಲವೆಲ್ಲ ಒಂದೇ ಥರ ಕೇಳಿಸುತ್ತದೆ. ಮಂಜು ಬೇರೆ. ಎರಡು ಸೇತುವೆ ಮಾತ್ರ ಗುರುತು ಸಿಕ್ಕಿವೆ" ಎಂದ. ಮೂರನೆಯದೂ ಸಿಗುತ್ತದೆ, ಅವಸರ ಮಾಡಬೇಡ ಎಂದೆ. ಅಷ್ಟರಲ್ಲಿ ಅವನಿಗೆ ಡ್ಯೂಟಿಯ ಕರೆ ಬಂದಿತು, ಮಾತು ಮುಗಿಸಿದೆವು.